ಫೋನನ್ನು ಕಾಯುವವರು ಯಾರು?

ಶಾಲೆಯಲ್ಲಿ ಮಕ್ಕಳ ಕೈಗೆ ಮೊಬೈಲ್ ಇರಬೇಕೇ ಬೇಡವೇ ಎಂಬ ಮಾತು ಈಗ ಯಾವ ಪೋಷಕರ ಸಭೆಯಲ್ಲೂ ತಪ್ಪದೆ ಏಳುತ್ತದೆ, ಎದ್ದ ಐದು ನಿಮಿಷದೊಳಗೆ ಸಭೆ ಎರಡು ಪಕ್ಷವಾಗುತ್ತದೆ. ಒಂದು ಪಕ್ಷಕ್ಕೆ ಫೋನು ಎಂದರೆ ಮಕ್ಕಳ ಓದು, ನಿದ್ದೆ, ನಡತೆ ಎಲ್ಲವನ್ನೂ ಕೆಡಿಸಿದ ಪಿಡುಗು. ಇನ್ನೊಂದು ಪಕ್ಷಕ್ಕೆ ಅದು ಕಾಲಧರ್ಮ; ತಡೆಯಲು ಹೊರಟವರಿಗೆ ಕಾಲದ ಅರಿವಿಲ್ಲ. ವರ್ಷಗಟ್ಟಲೆ ತರಗತಿಯಲ್ಲಿ ನಿಂತು ಪಾಠ ಮಾಡಿದ ನನಗೆ ಇವರಿಬ್ಬರೂ ಒಂದು ಮುಖ್ಯ ಪ್ರಶ್ನೆಯನ್ನು ಪಕ್ಕಕ್ಕಿಟ್ಟು ಜಗಳವಾಡುತ್ತಿದ್ದಾರೆ ಅನ್ನಿಸುತ್ತದೆ. ಫೋನು ಒಳ್ಳೆಯದೋ ಕೆಟ್ಟದ್ದೋ ಎಂಬ ತೀರ್ಪು ಸಿಗುವವರೆಗೆ ಕಾಯಲು ಶಾಲೆಗೆ ಪುರುಸೊತ್ತಿಲ್ಲ. ನಾಳೆ ಬೆಳಿಗ್ಗೆ ಗಂಟೆ ಹೊಡೆದಾಗ ಆ ಫೋನು ಎಲ್ಲಿರಬೇಕು, ಸಂಜೆಯ ಗಂಟೆಯವರೆಗೆ ಅದನ್ನು ಕಾಯುವ ಕೆಲಸ ಯಾರದು ಎಂಬುದನ್ನು ಅದು ಇವತ್ತೇ ಗೊತ್ತುಮಾಡಿಕೊಳ್ಳಬೇಕು. ಈ ಒಂದು ವಿಷಯ ಸರಿಯಾಗಿ ತೀರ್ಮಾನವಾಗದ ಕಡೆ ನಿಷೇಧವೂ ಕೆಲಸ ಮಾಡುವುದಿಲ್ಲ, ಸ್ವಾತಂತ್ರ್ಯವೂ ಕೆಲಸ ಮಾಡುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಈ ಕಾಯುವ ಕೆಲಸ ಎಷ್ಟು ದೊಡ್ಡದೆಂದು ತರಗತಿಯ ಹೊರಗಿನವರಿಗೆ ಅಂದಾಜಾಗುವುದು ಕಷ್ಟ. ತರಗತಿಯಲ್ಲಿ ಫೋನು ಸದ್ದು ಮಾಡುವುದಿಲ್ಲ, ಸೈಲೆಂಟ್ ಮೋಡ್‌ನಲ್ಲಿರುತ್ತದೆ. ಅದು ಇದೆ ಎಂಬುದು ಗೊತ್ತಾಗುವುದು ಮಗು ಕುಳಿತ ಭಂಗಿಯಿಂದ. ಗದ್ದ ಎದೆಯತ್ತ ಇಳಿದಿರುತ್ತದೆ. ಬಲಗೈಯ ಪೆನ್ನು ನೋಟ್‌ಬುಕ್ಕಿನ ಮೇಲೆ ಅರ್ಧ ಬರೆದ ಸಾಲಿನ ತುದಿಯಲ್ಲಿ ನಿಂತಿರುತ್ತದೆ. ಎಡಗೈ ಡೆಸ್ಕಿನ ಕೆಳಗೆ ಮಾಯವಾಗಿರುತ್ತದೆ. ಸಮೀಕರಣ ಬಿಡಿಸುವ ಪಾಠದ ನಡುವೆ ಯಾರಿಗೂ ಬರಲು ಕಾರಣವಿಲ್ಲದ ಒಂದು ನಗು ತುಟಿಯ ಮೇಲೆ ಬಂದು ಹೋಗುತ್ತದೆ. ಆಗ ಶಿಕ್ಷಕರಿಗೆ ಎರಡೇ ದಾರಿ. ಪಾಠ ನಿಲ್ಲಿಸಿ ಫೋನು ಕೇಳಬಹುದು, ಅಥವಾ ಕಂಡೂ ಕಾಣದಂತೆ ಮುಂದುವರಿಯಬಹುದು. ಕೇಳಿದರೆ 'ಟೈಮ್ ನೋಡ್ತಿದ್ದೆ ಮೇಡಂ', 'ಅಮ್ಮ ಮೆಸೇಜ್ ಮಾಡಿದ್ರು ಮೇಡಂ' ಎಂಬ ವಾದ ಶುರುವಾಗುತ್ತದೆ, ಇಡೀ ತರಗತಿ ಪುಸ್ತಕ ಬಿಟ್ಟು ಆ ವಾದ ನೋಡುತ್ತದೆ. ಕಸಿದುಕೊಂಡರೆ ಅದನ್ನು ಎಲ್ಲಿಡುವುದು, ಸಂಜೆ ಪರದೆಯ ಮೇಲೆ ಗೀರು ಕಂಡರೆ ಹೊಣೆ ಯಾರದು ಎಂಬ ಚಿಂತೆ ಶಿಕ್ಷಕರ ತಲೆಗೆ ಬರುತ್ತದೆ. ಕಾಣದಂತೆ ಇದ್ದರೆ ಹತ್ತು ನಿಮಿಷದಲ್ಲಿ ಪಕ್ಕದ ಬೆಂಚಿನಲ್ಲಿ ಎರಡನೆಯ ಫೋನು ಹೊರಬರುತ್ತದೆ, ಏಕೆಂದರೆ ಯಾವ ಶಿಕ್ಷಕರ ಪಿರಿಯಡ್‌ನಲ್ಲಿ ಏನು ನಡೆಯುತ್ತದೆ ಎಂಬ ಲೆಕ್ಕ ಮಕ್ಕಳಿಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಇದು ಒಂದೆರಡು ಶಾಲೆಗಳ ತಾಪತ್ರಯವಲ್ಲ. ಅಮೆರಿಕದ ಪ್ಯೂ ಸಂಶೋಧನಾ ಸಂಸ್ಥೆ ಶಿಕ್ಷಕರನ್ನು ಕೇಳಿ 2024ರಲ್ಲಿ ಪ್ರಕಟಿಸಿದ ವರದಿಯಲ್ಲಿ ಪ್ರೌಢಶಾಲೆಯ ಶಿಕ್ಷಕರಲ್ಲಿ 72 ಶೇಕಡಾ ಮಂದಿ ಫೋನಿನಿಂದ ಮಕ್ಕಳ ಗಮನ ಕೆಡುವುದು ತಮ್ಮ ತರಗತಿಯ ದೊಡ್ಡ ಸಮಸ್ಯೆ ಎಂದಿದ್ದರು. ಪ್ರಾಥಮಿಕ ಶಾಲೆಯ ಶಿಕ್ಷಕರಲ್ಲಿ ಹಾಗೆ ಹೇಳಿದವರು 6 ಶೇಕಡಾ ಮಾತ್ರ. ಸಮಸ್ಯೆ ಯಾವ ವಯಸ್ಸಿನಲ್ಲಿ ಬಂದು ಕೂರುತ್ತದೆ ಎಂಬುದಕ್ಕೆ ಈ ಎರಡು ಅಂಕಿಗಳೇ ಸಾಕು. ಹಲವು ದೇಶಗಳ ಮಕ್ಕಳ ಕಲಿಕೆಯನ್ನು ಹೋಲಿಸಿ ನೋಡುವ ಪಿಸಾ ಪರೀಕ್ಷೆಯ 2022ರ ಸುತ್ತಿನ ಜೊತೆ ಹದಿನೈದರ ಮಕ್ಕಳಿಗೆ ಕೇಳಿದ ಪ್ರಶ್ನೆಗಳಲ್ಲಿ, ಅದನ್ನು ನಡೆಸುವ ಒಇಸಿಡಿ ಎಂಬ ಕೂಟದ ದೇಶಗಳ ಸರಾಸರಿಯಲ್ಲಿ 65 ಶೇಕಡಾ ಮಕ್ಕಳು ಕನಿಷ್ಠ ಕೆಲವು ಗಣಿತ ತರಗತಿಗಳಲ್ಲಾದರೂ ತಮ್ಮ ಡಿಜಿಟಲ್ ಸಾಧನದಿಂದಲೇ ಗಮನ ತಪ್ಪುತ್ತದೆ ಎಂದರು. 59 ಶೇಕಡಾ ಮಕ್ಕಳು ಬೇರೆಯವರ ಸಾಧನದಿಂದ ತಮ್ಮ ಗಮನ ತಪ್ಪುತ್ತದೆ ಎಂದರು. ನನಗೆ ಈ ಎರಡನೆಯ ಸಂಖ್ಯೆಯೇ ಹೆಚ್ಚು ಮುಖ್ಯವಾಗಿ ಕಾಣುತ್ತದೆ. 'ನನ್ನ ಮಗಳು ಜವಾಬ್ದಾರಿಯುತವಾಗಿ ಬಳಸುತ್ತಾಳೆ, ಅವಳಿಗೇಕೆ ನಿಯಮ' ಎಂದು ಕೇಳುವ ಪೋಷಕರಿಗೆ ಅದರಲ್ಲಿ ಉತ್ತರವಿದೆ. ಅವಳು ಬಳಸದಿದ್ದರೂ ಪಕ್ಕದಲ್ಲಿ ಕುಳಿತವಳ ಪರದೆ ಅವಳ ಕಣ್ಣಿಗೆ ಬೀಳುತ್ತದೆ.

ಗಮನ ಕೆಡುವುದಕ್ಕೆ ಮಗುವಿನ ಚಂಚಲತೆಯೇ ಕಾರಣ ಎಂದು ಹೇಳಿಬಿಡುವುದು ಸುಲಭ. ಆದರೆ ಮಕ್ಕಳ ಮಾಧ್ಯಮ ಬಳಕೆಯನ್ನು ಗಮನಿಸುವ ಅಮೆರಿಕದ ಕಾಮನ್ ಸೆನ್ಸ್ ಮೀಡಿಯಾ ಸಂಸ್ಥೆ 2023ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಹನ್ನೊಂದರಿಂದ ಹದಿನೇಳು ವಯಸ್ಸಿನ ಸುಮಾರು ಇನ್ನೂರು ಮಕ್ಕಳ ಫೋನುಗಳನ್ನು ಅವರ ಒಪ್ಪಿಗೆಯಿಂದ ಗಮನಿಸಿದಾಗ, ನಡುಮಟ್ಟದ ಒಂದು ಮಗುವಿಗೆ ದಿನಕ್ಕೆ 237 ನೋಟಿಫಿಕೇಶನ್‌ಗಳು ಬರುತ್ತಿದ್ದವು, ಅವುಗಳಲ್ಲಿ ಸುಮಾರು ನಾಲ್ಕನೆಯ ಒಂದು ಭಾಗ ಶಾಲೆಯ ವೇಳೆಯಲ್ಲೇ ಬರುತ್ತಿದ್ದವು. ಎಂದರೆ ಒಂದೊಂದು ಪಿರಿಯಡ್‌ಗೂ ಹಲವು ಸಲ ಆ ಸಾಧನ ತಾನಾಗಿ ಮಗುವನ್ನು ಕರೆಯುತ್ತದೆ. ಕರೆಯುವುದಕ್ಕೆಂದೇ ಅದನ್ನು ರೂಪಿಸಿದವರು ಆ ವಿದ್ಯೆಯಲ್ಲಿ ಪಳಗಿದ ದೊಡ್ಡವರು. ಅದನ್ನು ತಡೆದುಕೊಳ್ಳಬೇಕಾದದ್ದು ಹದಿಮೂರರ ಮಗು. ಈ ಕುಸ್ತಿಯಲ್ಲಿ ಸೋತ ಮಗುವಿಗೆ ಸಂಯಮದ ಬಗ್ಗೆ ಉಪದೇಶ ಕೊಡುವುದು ನನಗೆ ನ್ಯಾಯವೆನಿಸುವುದಿಲ್ಲ. ಫೋನು ಮುಟ್ಟದೆ ಬರಿದೇ ಮೇಜಿನ ಮೇಲಿದ್ದರೂ ಬುದ್ಧಿಯ ಒಂದಂಶವನ್ನು ಎಳೆದುಕೊಳ್ಳುತ್ತದೆ ಎಂದು 2017ರಲ್ಲಿ ಬಂದ ಪ್ರಯೋಗವೊಂದು ಬಹಳ ಹೆಸರು ಮಾಡಿತ್ತು. ನಂತರ ಅದನ್ನೇ ಮತ್ತೆ ಮಾಡಿ ನೋಡಿದವರಿಗೆಲ್ಲ ಅದೇ ಫಲಿತಾಂಶ ಸಿಗಲಿಲ್ಲವಾದ್ದರಿಂದ ನಾನು ಅದರ ಮೇಲೆ ಭಾರ ಹಾಕುವುದಿಲ್ಲ. ಭಾಷಣಗಳಲ್ಲಿ ಮಾತ್ರ ಅದು ಇನ್ನೂ ವೇದವಾಕ್ಯದಂತೆ ಓಡಾಡುತ್ತಿದೆ.

ಹಾಗಾದರೆ ನಿಷೇಧದಿಂದ ಓದು ಸುಧಾರಿಸುತ್ತದೆಯೇ? ಈ ಪ್ರಶ್ನೆಗೆ ಅತಿ ಹೆಚ್ಚು ಉಲ್ಲೇಖವಾಗುವ ಉತ್ತರ ಇಂಗ್ಲೆಂಡಿನದು. ಅರ್ಥಶಾಸ್ತ್ರಜ್ಞರಾದ ಲೂಯಿ ಫಿಲಿಪ್ ಬೆಲಾಂಡ್ ಮತ್ತು ರಿಚರ್ಡ್ ಮರ್ಫಿ ನಾಲ್ಕು ನಗರಗಳ 91 ಶಾಲೆಗಳ ದಾಖಲೆ ತೆಗೆದು, ಫೋನು ನಿಷೇಧಿಸುವ ಮೊದಲಿನ ಮತ್ತು ನಂತರದ ಪರೀಕ್ಷಾ ಫಲಿತಾಂಶಗಳನ್ನು ಹೋಲಿಸಿದರು. ಒಟ್ಟಾರೆ ಅಂಕಗಳು ಅಲ್ಪ ಪ್ರಮಾಣದಲ್ಲಿ ಏರಿದವು. ಶಾಲಾ ವರ್ಷಕ್ಕೆ ಐದು ದಿನ ಹೆಚ್ಚು ಸೇರಿಸಿದಷ್ಟು ಎಂಬುದು ಅವರ ಲೆಕ್ಕ. ಆದರೆ ಆ ಏರಿಕೆ ಎಲ್ಲರಿಗೂ ಸಮನಾಗಿ ಹಂಚಿಹೋಗಿರಲಿಲ್ಲ. ಓದಿನಲ್ಲಿ ಹಿಂದಿದ್ದ ಮಕ್ಕಳಿಗೆ ಸರಾಸರಿಗಿಂತ ಎರಡು ಪಟ್ಟಿಗೂ ಹೆಚ್ಚು ಲಾಭವಾಯಿತು. ಮುಂದಿದ್ದ ಮಕ್ಕಳಿಗೆ ಫೋನು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ತರಗತಿ ನಡೆಸಿದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಪಾಠ ಒಮ್ಮೆ ಕೈತಪ್ಪಿದರೆ ಮನೆಗೆ ಹೋಗಿ ಪುಸ್ತಕ ತೆರೆದು ಹಿಡಿದುಕೊಳ್ಳಬಲ್ಲ ಮಗುವಿಗೆ ಹತ್ತು ನಿಮಿಷದ ನಷ್ಟ ಹತ್ತೇ ನಿಮಿಷದ್ದು. ಹಾಗೆ ಹಿಡಿದುಕೊಳ್ಳಲಾಗದ, ಮನೆಯಲ್ಲಿ ಹೇಳಿಕೊಡುವವರಿಲ್ಲದ ಮಗುವಿಗೆ ಅದೇ ಹತ್ತು ನಿಮಿಷ ಮುಂದಿನ ಮೂರು ಪಾಠಗಳನ್ನು ಮುಚ್ಚಿಬಿಡುತ್ತದೆ. ಸಭೆಗಳಲ್ಲಿ ಜೋರಾಗಿ ಮಾತಾಡುವ ಪೋಷಕರ ಮಕ್ಕಳು ಸಾಮಾನ್ಯವಾಗಿ ಮೊದಲ ಗುಂಪಿನವರಾಗಿರುತ್ತಾರೆ ಎಂಬುದನ್ನು ಮೆಲುದನಿಯಲ್ಲಾದರೂ ಹೇಳಲೇಬೇಕು.

ಆ ಅಧ್ಯಯನದ ಅವಧಿ 2001ರಿಂದ 2011ರವರೆಗೆ. ಅದರ ಬಹುಭಾಗದಲ್ಲಿ ಮಕ್ಕಳ ಕೈಲಿದ್ದದ್ದು ಗುಂಡಿ ಒತ್ತಿ ಎಸ್‌ಎಂಎಸ್ ಕಳಿಸುವ ಫೋನು. ಇವತ್ತಿನ ಫೋನಿಗೆ ಅದನ್ನು ನೇರವಾಗಿ ಅನ್ವಯಿಸುವಾಗ ಎಚ್ಚರ ಬೇಕು. 2020ರಲ್ಲಿ ಸ್ವೀಡನ್ನಿನ ಸಂಶೋಧಕರು ಅದೇ ವಿಧಾನವನ್ನು ತಮ್ಮ ಶಾಲೆಗಳಿಗೆ ಹಚ್ಚಿ ನೋಡಿದಾಗ ಅಂಕಗಳಲ್ಲಿ ಯಾವ ವ್ಯತ್ಯಾಸವೂ ಕಾಣಲಿಲ್ಲ. ನಾರ್ವೆಯಲ್ಲಿ ಸಂಶೋಧಕಿ ಸಾರಾ ಅಬ್ರಹಾಂಸನ್ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಿಷೇಧದ ನಂತರ ಕಿರುಕುಳದ ಪ್ರಕರಣಗಳು ಇಳಿದಿದ್ದವು, ಹುಡುಗಿಯರ ಅಂಕಗಳು ಸುಧಾರಿಸಿದ್ದವು, ಮಾನಸಿಕ ತೊಂದರೆಗಳಿಗಾಗಿ ತಜ್ಞರ ಬಳಿ ಹೋಗುವ ಹುಡುಗಿಯರ ಸಂಖ್ಯೆಯೂ ತಗ್ಗಿತ್ತು. ಬರ್ಮಿಂಗ್‌ಹ್ಯಾಂ ವಿಶ್ವವಿದ್ಯಾಲಯದವರು 2025ರ ಆರಂಭದಲ್ಲಿ ಪ್ರಕಟಿಸಿದ, 30 ಶಾಲೆಗಳ 1,200ಕ್ಕೂ ಹೆಚ್ಚು ಮಕ್ಕಳನ್ನು ಒಳಗೊಂಡ ಅಧ್ಯಯನ ಇದಕ್ಕೆ ತದ್ವಿರುದ್ಧ. ಫೋನಿಗೆ ಅವಕಾಶವಿದ್ದ ಶಾಲೆಯ ಮಕ್ಕಳಿಗೂ ಅವಕಾಶವಿಲ್ಲದ ಶಾಲೆಯ ಮಕ್ಕಳಿಗೂ ಮಾನಸಿಕ ನೆಮ್ಮದಿಯಲ್ಲಿ ಅಂತರವಿರಲಿಲ್ಲ. ಆದರೆ ಅದೇ ಅಧ್ಯಯನದಲ್ಲಿ, ಶಾಲೆ ಯಾವುದೇ ಇರಲಿ, ದಿನದಲ್ಲಿ ಹೆಚ್ಚು ಹೊತ್ತು ಫೋನು ಮತ್ತು ಸಾಮಾಜಿಕ ಜಾಲತಾಣಗಳಲ್ಲಿ ಕಳೆಯುವ ಮಕ್ಕಳ ನೆಮ್ಮದಿ, ನಿದ್ದೆ, ತರಗತಿಯ ನಡವಳಿಕೆ ಎಲ್ಲವೂ ಕೆಳಮಟ್ಟದಲ್ಲಿದ್ದವು.

ಇವೆಲ್ಲವನ್ನೂ ಎದುರಿಗಿಟ್ಟುಕೊಂಡಾಗ ನನಗೆ ತೋರುವುದಿಷ್ಟು. ಶಾಲೆಯ ನಿಷೇಧ ಶಾಲೆಯ ವೇಳೆಯನ್ನು ಕಾಪಾಡಬಲ್ಲದು. ಮಗು ಸಂಜೆ ಮನೆಗೆ ಹೋಗಿ ರಾತ್ರಿ ಹನ್ನೆರಡರವರೆಗೆ ಪರದೆ ನೋಡುವುದನ್ನು ಅದು ತಡೆಯಲಾರದು, ತಡೆಯುತ್ತದೆಂದು ಮಾತು ಕೊಡಲೂಬಾರದು. ಹದಿಹರೆಯದವರ ಖಿನ್ನತೆಯಿಂದ ಹಿಡಿದು ದೇಶದ ಪರೀಕ್ಷಾ ಫಲಿತಾಂಶದವರೆಗೆ ಎಲ್ಲವನ್ನೂ ಸರಿಪಡಿಸುವ ಮದ್ದೆಂದು ನಿಷೇಧವನ್ನು ಹೊಗಳಿ ತಂದವರು, ಎರಡು ವರ್ಷದ ನಂತರ ಅವು ಯಾವುವೂ ಸರಿಹೋಗದಿದ್ದಾಗ, ಅದನ್ನು ಹೊಗಳಿದಷ್ಟೇ ಉತ್ಸಾಹದಿಂದ ಕೈಬಿಡುತ್ತಾರೆ. ನಲವತ್ತೈದು ನಿಮಿಷದ ಪಾಠ ನಲವತ್ತೈದು ನಿಮಿಷವೂ ನಡೆಯಬೇಕು ಎಂಬ ಸಣ್ಣ ಗುರಿಯೊಂದನ್ನೇ ಹಿಡಿದರೆ ನಿರಾಶೆಯೂ ಇಲ್ಲ, ನಿಯಮದ ಆಯಸ್ಸೂ ಹೆಚ್ಚು.

ಆಯಸ್ಸಿನ ಮಾತಿಗೆ ನ್ಯೂಯಾರ್ಕ್ ನಗರದ ಕಥೆಗಿಂತ ಒಳ್ಳೆಯ ಉದಾಹರಣೆ ಇಲ್ಲ. ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ 2006ರಿಂದ ಫೋನು ನಿಷೇಧವನ್ನು ಬಿಗಿಯಾಗಿ ಜಾರಿಗೆ ತಂದರು. ಪ್ರವೇಶದ್ವಾರದಲ್ಲಿ ಲೋಹಶೋಧಕ ಯಂತ್ರವಿದ್ದ ಶಾಲೆಗಳ ಮಕ್ಕಳು ಫೋನನ್ನು ಒಳಗೆ ಒಯ್ಯುವಂತಿರಲಿಲ್ಲ. ಅದನ್ನು ಇಟ್ಟುಕೊಳ್ಳುವ ವ್ಯವಸ್ಥೆಯೂ ಶಾಲೆಯಲ್ಲಿ ಇರಲಿಲ್ಲ. ಹೀಗಾಗಿ ಶಾಲೆಯ ಹೊರಗೆ ವ್ಯಾನು ನಿಲ್ಲಿಸಿಕೊಂಡವರು ದಿನಕ್ಕೆ 1 ಡಾಲರ್ ಪಡೆದು ಮಕ್ಕಳ ಫೋನು ಕಾಯುವ ದಂಧೆಯನ್ನೇ ಶುರುಮಾಡಿದರು. ಲೋಹಶೋಧಕಗಳಿದ್ದದ್ದು ಹೆಚ್ಚಾಗಿ ಬಡ ಕುಟುಂಬಗಳ ಮಕ್ಕಳು ಓದುವ ಶಾಲೆಗಳಲ್ಲಿ. ಉಳಿದ ಶಾಲೆಗಳಲ್ಲಿ ಫೋನು ಬ್ಯಾಗಿನೊಳಗೆ ಹೋಗುತ್ತಿತ್ತು, ನೋಡಿಯೂ ನೋಡದಂತೆ ಇರುತ್ತಿದ್ದರು. ಒಂದೇ ನಿಯಮ ಬಡವರಿಗೆ ದುಡ್ಡಿನ ಹೊರೆಯಾಗಿ, ಉಳಿದವರಿಗೆ ಬರೀ ಕಾಗದವಾಗಿ ಉಳಿದದ್ದು ಹೀಗೆ. 2015ರಲ್ಲಿ ನಿಷೇಧ ತೆಗೆದರು. ಹತ್ತು ವರ್ಷ ಕಳೆದು 2025ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕ್ ರಾಜ್ಯ ಮೊದಲ ಗಂಟೆಯಿಂದ ಕೊನೆಯ ಗಂಟೆಯವರೆಗಿನ ನಿಷೇಧವನ್ನು ಮತ್ತೆ ತಂದಿತು. ಈ ಸಲದ ಕಾನೂನಿನಲ್ಲಿ ಫೋನನ್ನು ಇಡುವ ವ್ಯವಸ್ಥೆಯನ್ನು ಶಾಲೆಯೇ ಮಾಡಬೇಕೆಂದಿದೆ. ಎರಡು ನಿಷೇಧಗಳ ನಡುವಿನ ನಿಜವಾದ ಬದಲಾವಣೆ ಅದೇ.

ಫ್ರಾನ್ಸ್ ಕೂಡ ಇದೇ ದಾರಿಯಲ್ಲಿ ಸಾಗಿದೆ. 2010ರಲ್ಲಿ ಪಾಠದ ವೇಳೆ ಬಳಸಬಾರದೆಂದರು. 2018ರ ಕಾನೂನು ಸುಮಾರು ಹದಿನೈದು ವಯಸ್ಸಿನವರೆಗಿನ ಮಕ್ಕಳ ಶಾಲೆಗಳಲ್ಲಿ ಬಿಡುವಿನ ವೇಳೆಯನ್ನೂ ಸೇರಿಸಿ ಬಳಕೆಯನ್ನು ನಿಷೇಧಿಸಿತು, ಆದರೆ ಫೋನು ಬ್ಯಾಗಿನಲ್ಲೇ ಉಳಿಯಿತು. 2024ರಲ್ಲಿ ಸುಮಾರು 200 ಶಾಲೆಗಳಲ್ಲಿ ಬಾಗಿಲಲ್ಲೇ ಫೋನು ತೆಗೆದಿಟ್ಟು ಸಂಜೆ ಕೊಡುವ ಪ್ರಯೋಗ ಶುರುವಾಯಿತು. ಬ್ಯಾಗಿನಲ್ಲಿರಲಿ, ಆದರೆ ತೆಗೆಯಬೇಡಿ ಎಂಬ ನಿಯಮ ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂಬ ಜಾತಿಯದು. ಫೋನು ನಿಷೇಧಿಸಿದ ಶಾಲೆಗಳ ಮಕ್ಕಳಲ್ಲೇ 29 ಶೇಕಡಾ ಮಂದಿ ದಿನಕ್ಕೆ ಹಲವು ಸಲ ಸ್ಮಾರ್ಟ್‌ಫೋನ್ ಬಳಸುತ್ತೇವೆಂದು ಮೇಲೆ ಹೇಳಿದ ಪಿಸಾ ಸಮೀಕ್ಷೆಯಲ್ಲಿ ಒಪ್ಪಿಕೊಂಡಿದ್ದಾರೆ. ಅಂಥ ನಿಯಮದಲ್ಲಿ ನಿಷೇಧದ ಕಷ್ಟವೆಲ್ಲ ಇರುತ್ತದೆ, ಲಾಭ ಮಾತ್ರ ಇರುವುದಿಲ್ಲ. ದಿನಕ್ಕೆ ಏಳೆಂಟು ಪಿರಿಯಡ್‌ಗಳಲ್ಲಿ ಏಳೆಂಟು ಶಿಕ್ಷಕರು ಬೇರೆಬೇರೆಯಾಗಿ ಪೊಲೀಸರಾಗಬೇಕು. ಕಟ್ಟುನಿಟ್ಟಾದವರು ಮಕ್ಕಳಿಗೆ ಶತ್ರುಗಳಾಗುತ್ತಾರೆ, ಸಡಿಲ ಬಿಟ್ಟವರು ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿಗಳಿಗೆ ಶತ್ರುಗಳಾಗುತ್ತಾರೆ. ಬೆಳಿಗ್ಗೆ ಒಂದೇ ಸಲ, ಎಲ್ಲರದ್ದನ್ನೂ, ಒಂದೇ ಕಡೆ ತೆಗೆದಿಟ್ಟರೆ ಆ ಜಗಳ ದಿನಕ್ಕೆ ಒಂದು ಸಲಕ್ಕೆ ಇಳಿಯುತ್ತದೆ. ಕೆಲವು ವಾರಗಳಲ್ಲಿ ಅದೂ ಅಭ್ಯಾಸವಾಗಿ ನಿಲ್ಲುತ್ತದೆ.

ಇದಕ್ಕೂ ಮಕ್ಕಳು ಚಾಪೆ ಕೆಳಗೆ ತೂರುವುದಿಲ್ಲವೆಂದಲ್ಲ. ಅಯಸ್ಕಾಂತದ ಬೀಗವಿರುವ ಚೀಲಗಳನ್ನು ಕೊಟ್ಟು ಫೋನನ್ನು ಮಗುವಿನ ಬಳಿಯೇ ಇರಗೊಡುವ ಪದ್ಧತಿ ಈಗ ಹಲವು ದೇಶಗಳಲ್ಲಿದೆ. ಚೀಲದೊಳಗೆ ಮನೆಯಲ್ಲಿ ಬಿದ್ದಿದ್ದ ಹಳೆಯ ಸತ್ತ ಫೋನು ಹಾಕಿ ಬೀಗ ಹಾಕಿಸಿಕೊಂಡು, ಜೀವಂತ ಫೋನನ್ನು ಕಾಲುಚೀಲದಲ್ಲಿ ಸಿಕ್ಕಿಸಿಕೊಳ್ಳುವ ಜಾಣತನ ಎಲ್ಲ ಕಡೆಯೂ ಒಂದೇ. ಬೀಗದ ಭಾಗವನ್ನು ಮೇಜಿನ ಅಂಚಿಗೆ ಕುಟ್ಟಿ ತೆರೆಯುವವರೂ ಇದ್ದಾರೆ. ಇದರಿಂದ ವ್ಯವಸ್ಥೆ ಸೋತಿತೆಂದು ನಾನು ಹೇಳುವುದಿಲ್ಲ. ಕದ್ದು ನೋಡುವ ನಾಲ್ವರಿರುವ ತರಗತಿಗೂ ಎಲ್ಲರೂ ನೋಡುವ ತರಗತಿಗೂ ವ್ಯತ್ಯಾಸವಿದೆ. ಸ್ನೇಹಿತರು ಯಾರೂ ಆನ್‌ಲೈನ್‌ನಲ್ಲಿ ಇಲ್ಲದ ವೇಳೆಯಲ್ಲಿ ಕದ್ದ ಫೋನಿನಿಂದ ಸಿಗುವ ರುಚಿಯೂ ಕಡಿಮೆ.

ಪೋಷಕರ ಭಯ ಬೇರೆ ತರಹದ್ದು, ಅದನ್ನು ಹಗುರವಾಗಿ ಕಾಣುವುದು ತಪ್ಪು. ಜಪಾನಿನಲ್ಲಿ 2009ರಿಂದ ಪ್ರಾಥಮಿಕ ಮತ್ತು ಮಾಧ್ಯಮಿಕ ಶಾಲೆಯ ಮಕ್ಕಳು ಸಾಮಾನ್ಯವಾಗಿ ಶಾಲೆಗೆ ಫೋನು ತರುವಂತಿರಲಿಲ್ಲ. 2018ರ ಜೂನ್ 18ರಂದು ಬೆಳಿಗ್ಗೆ, ಮಕ್ಕಳು ಶಾಲೆಗೆ ಹೊರಟ ಹೊತ್ತಿನಲ್ಲೇ ಒಸಾಕಾದಲ್ಲಿ ಭೂಕಂಪವಾಯಿತು. ದಾರಿಯಲ್ಲಿದ್ದ ಮಗು ಎಲ್ಲಿದೆ ಎಂದು ತಿಳಿಯುವ ಉಪಾಯ ಮನೆಯವರಿಗೆ ಇರಲಿಲ್ಲ. ಆ ನಂತರ ಅಲ್ಲಿ ನಿಯಮ ಸಡಿಲವಾಯಿತು, 2020ರಲ್ಲಿ ಮಾಧ್ಯಮಿಕ ಶಾಲೆಯ ಮಕ್ಕಳು ಷರತ್ತಿನೊಂದಿಗೆ ಫೋನು ತರಲು ದೇಶದ ಶಿಕ್ಷಣ ಇಲಾಖೆಯೇ ಒಪ್ಪಿತು. ಇಲ್ಲಿ ಗಮನಿಸಬೇಕಾದದ್ದು, ಆ ಅಪಾಯವಿದ್ದದ್ದು ದಾರಿಯಲ್ಲಿ. ದಾರಿಗೆ ಫೋನು ಬೇಕು ಎಂಬ ವಾದದಿಂದ ತರಗತಿಯಲ್ಲೂ ಬೇಕು ಎಂಬ ತೀರ್ಮಾನ ತಾನಾಗಿ ಹುಟ್ಟುವುದಿಲ್ಲ. ತಂದು, ಬಾಗಿಲಲ್ಲಿ ಇಟ್ಟು, ಹೋಗುವಾಗ ಒಯ್ಯುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಶಾಲೆಯೊಳಗೇ ಅನಾಹುತವಾದರೆ ಏನು ಗತಿ ಎಂಬ ಪ್ರಶ್ನೆಗೆ, ಆ ಗಳಿಗೆಯಲ್ಲಿ ಮಕ್ಕಳು ಪರದೆಯತ್ತ ನೋಡದೆ ಶಿಕ್ಷಕರ ಮಾತು ಕೇಳುವುದು, ನೂರಾರು ಕರೆಗಳಿಂದ ನೆಟ್‌ವರ್ಕ್ ಸ್ಥಗಿತವಾಗದಿರುವುದು, ವದಂತಿ ಹರಡದಿರುವುದು ಹೆಚ್ಚು ಮುಖ್ಯವೆಂದು ಶಾಲಾ ಸುರಕ್ಷತೆಯ ಕೆಲಸ ಮಾಡುವ ಅನೇಕರು ಹೇಳುತ್ತಾರೆ. ಆದರೆ ಪೋಷಕರು ಫೋನು ಬಿಟ್ಟುಕೊಡಬೇಕಾದರೆ ಶಾಲೆ ಅದಕ್ಕೆ ಪ್ರತಿಯಾಗಿ ಒಂದನ್ನು ಕೊಡಬೇಕು: ಆಫೀಸಿನ ಫೋನು ರಿಂಗಾದರೆ ಯಾರಾದರೂ ಎತ್ತಬೇಕು, ಸಂದೇಶ ಮಗುವಿಗೆ ಅದೇ ಪಿರಿಯಡ್‌ನೊಳಗೆ ತಲುಪಬೇಕು. ಎಷ್ಟೋ ಕಡೆ ನಿಷೇಧಕ್ಕೆ ವಿರೋಧ ಹುಟ್ಟುವುದೇ ಆ ಫೋನನ್ನು ಯಾರೂ ಎತ್ತದಿರುವುದರಿಂದ. ಇನ್ನು ಪಾಠದ ನಡುವೆ 'ಊಟ ಮಾಡಿದೆಯಾ' ಎಂದು ಮೆಸೇಜ್ ಕಳಿಸುವ ಅಭ್ಯಾಸ ಬಿಡಬೇಕಾದವರು ಮಕ್ಕಳಲ್ಲ.

ವಿನಾಯಿತಿಗಳ ಬಗ್ಗೆ ಗಟ್ಟಿಯಾಗಿ ಹೇಳಬೇಕು. ಟೈಪ್ 1 ಮಧುಮೇಹವಿರುವ ಮಗುವಿನ ತೋಳಿಗೆ ಅಂಟಿಸಿದ ಸೆನ್ಸರ್ ರಕ್ತದ ಸಕ್ಕರೆಯ ಮಟ್ಟವನ್ನು ಫೋನಿಗೇ ಕಳಿಸುತ್ತದೆ. ಸಕ್ಕರೆ ಕುಸಿದಾಗ ಎಚ್ಚರಿಸುವುದು ಆ ಫೋನೇ. ಶ್ರವಣಯಂತ್ರವನ್ನು ಫೋನಿನಿಂದ ಹೊಂದಿಸಿಕೊಳ್ಳುವ ಮಕ್ಕಳಿದ್ದಾರೆ, ಮನೆಯಲ್ಲಿ ಕಾಯಿಲೆಯ ತಾಯಿಯನ್ನು ನೋಡಿಕೊಳ್ಳುವ ಮಕ್ಕಳೂ ಇದ್ದಾರೆ. 2025ರ ಜನವರಿಯ ಬ್ರೆಜಿಲ್ ಕಾನೂನು ಆರೋಗ್ಯ, ಅಂಗವೈಕಲ್ಯ, ಪಾಠದ ಉದ್ದೇಶ ಇವುಗಳಿಗೆ ಜಾಗ ಬಿಟ್ಟೇ ನಿಷೇಧ ಹೇರಿದೆ. ದೆಹಲಿ ಹೈಕೋರ್ಟ್ ಕೂಡ ಅದೇ ವರ್ಷ, ಶಾಲೆಯಲ್ಲಿ ಸ್ಮಾರ್ಟ್‌ಫೋನನ್ನು ಪೂರ್ತಿಯಾಗಿ ನಿಷೇಧಿಸುವುದು ಅಪೇಕ್ಷಣೀಯವೂ ಅಲ್ಲ, ಕಾರ್ಯಸಾಧ್ಯವೂ ಅಲ್ಲ ಎನ್ನುತ್ತಲೇ, ಸಾಧ್ಯವಿರುವ ಕಡೆ ಮಕ್ಕಳು ಅದನ್ನು ಶಾಲೆಯ ವೇಳೆಯಲ್ಲಿ ಒಪ್ಪಿಸಿ ಹೋಗುವಾಗ ಪಡೆಯುವ ವ್ಯವಸ್ಥೆ ಇರಲೆಂದಿತು. ಸುದ್ದಿಯ ತಲೆಬರಹ ಓದಿದವರಿಗೆ ಕೋರ್ಟು ನಿಷೇಧವನ್ನು ತಳ್ಳಿಹಾಕಿತೆಂದು ಕಂಡಿತು. ಆದೇಶದ ಒಳಗಿದ್ದದ್ದು ನಾನು ಇಲ್ಲಿ ವಾದಿಸುತ್ತಿರುವುದಕ್ಕೆ ಬಹಳ ಹತ್ತಿರದ್ದು. ದಕ್ಷಿಣ ಕೊರಿಯಾದ ಮಾನವ ಹಕ್ಕುಗಳ ಆಯೋಗ ಮೊದಲು ಫೋನು ಸಂಗ್ರಹಿಸುವುದನ್ನು ಹಕ್ಕಿನ ಉಲ್ಲಂಘನೆ ಎಂದಿತ್ತು, 2024ರಲ್ಲಿ ನಿಲುವು ಬದಲಿಸಿತು; ಮರುವರ್ಷ ಆಗಸ್ಟ್‌ನಲ್ಲಿ ಅಲ್ಲಿನ ಸಂಸತ್ತು ತರಗತಿಯಲ್ಲಿ ಫೋನು ಬಳಕೆಯನ್ನು ನಿರ್ಬಂಧಿಸುವ ಕಾನೂನನ್ನೇ ಮಾಡಿತು. ಯುನೆಸ್ಕೋ ಲೆಕ್ಕದಲ್ಲಿ 2024ರ ಕೊನೆಗೆ ಜಗತ್ತಿನ 79 ಶಿಕ್ಷಣ ವ್ಯವಸ್ಥೆಗಳು, ಎಂದರೆ ಸುಮಾರು 40 ಶೇಕಡಾ, ಯಾವುದೋ ಬಗೆಯ ನಿಷೇಧಕ್ಕೆ ಬಂದಿದ್ದವು. ಸಂಖ್ಯೆ ದೊಡ್ಡದಾಗುತ್ತಿದೆ ಎಂಬುದು ನಿಷೇಧ ಸರಿಯೆಂಬುದಕ್ಕೆ ಪುರಾವೆಯಾಗದು.

ಫೋನಿನಲ್ಲೇ ಕಲಿಸಬಹುದಲ್ಲ ಎಂಬ ವಾದಕ್ಕೆ ನನ್ನ ಉತ್ತರ ಚಿಕ್ಕದು. ಕಲಿಸಬಹುದು, ಆದರೆ ಶಾಲೆಯ ಸಾಧನದಲ್ಲಿ ಕಲಿಸುವುದು ಬೇರೆ, ಮಗುವಿನ ಸ್ವಂತ ಫೋನಿನಲ್ಲಿ ಕಲಿಸುವುದು ಬೇರೆ. ಮೊದಲನೆಯದರಲ್ಲಿ ಪಾಠ ಮಾತ್ರ ಇರುತ್ತದೆ. ಎರಡನೆಯದರಲ್ಲಿ ಪಾಠದ ಪಕ್ಕದಲ್ಲೇ ಮಗುವಿನ ಸ್ನೇಹ, ಜಗಳ, ಆಟ ಎಲ್ಲವೂ ತೆರೆದಿರುತ್ತವೆ. ಎಲ್ಲರ ಫೋನೂ ಒಂದೇ ದರ್ಜೆಯದಲ್ಲ, ಕೆಲವರ ಬಳಿ ಫೋನೇ ಇಲ್ಲ ಎಂಬುದು ಇನ್ನೊಂದು ಮಾತು. ಇಷ್ಟು ಹೇಳಿ, ಮನೆಗೆಲಸವನ್ನೂ ಸುತ್ತೋಲೆಯನ್ನೂ ಪರೀಕ್ಷೆಯ ವೇಳಾಪಟ್ಟಿಯನ್ನೂ ವಾಟ್ಸ್‌ಆ್ಯಪ್ ಗುಂಪಿನಲ್ಲೇ ಹಾಕುವ ಶಾಲೆ ಫೋನು ಬೇಡವೆಂದು ಗೋಡೆಗೆ ನೋಟಿಸು ಅಂಟಿಸಿದರೆ ಮಕ್ಕಳು ನಗದೆ ಏನು ಮಾಡುತ್ತಾರೆ?

ಆದ್ದರಿಂದ ಯಾವುದೇ ಶಾಲೆಯ ಫೋನು ನಿಯಮ ನನ್ನ ಕೈಗೆ ಬಂದರೆ ಶಿಕ್ಷೆಯ ಭಾಗವನ್ನು ಓದುವ ಮೊದಲು ನಾನು ಹುಡುಕುವ ಸಾಲುಗಳು ಬೇರೆ. ಫೋನು ಎಲ್ಲಿ ಇಡುತ್ತಾರೆ, ಒಡೆದರೆ ಹೊಣೆ ಯಾರದು, ಮನೆಯವರು ಯಾವ ಸಂಖ್ಯೆಗೆ ಕರೆ ಮಾಡಬೇಕು, ವಿನಾಯಿತಿ ಬೇಕಾದ ಮಗು ಅದನ್ನು ಇಡೀ ತರಗತಿಯ ಮುಂದೆ ವಿವರಿಸದೆ ಪಡೆಯಬಹುದೇ, ಮಧ್ಯಾಹ್ನದ ಬಿಡುವಿನಲ್ಲಿ ಮಕ್ಕಳಿಗೆ ಚೆಂಡೋ ಪುಸ್ತಕವೋ ಚದುರಂಗದ ಮಣೆಯೋ ಸಿಗುತ್ತದೆಯೇ. ಇವು ಬರೆದಿಲ್ಲವೆಂದರೆ ಆ ಕೆಲಸವೆಲ್ಲ ಮತ್ತೆ ತರಗತಿಯಲ್ಲಿ ನಿಂತ ಒಬ್ಬ ಶಿಕ್ಷಕಿಯ ಮೇಲೇ ಬೀಳಲಿದೆ ಎಂದರ್ಥ. ಕೊನೆಯದಾಗಿ ಶಿಕ್ಷಕರ ಫೋನಿನ ಬಗ್ಗೆ ನಿಯಮ ಏನು ಹೇಳುತ್ತದೆ ಎಂದು ನೋಡುತ್ತೇನೆ. ಸಾಮಾನ್ಯವಾಗಿ ಅದು ಏನನ್ನೂ ಹೇಳಿರುವುದಿಲ್ಲ, ಆ ಪ್ರಶ್ನೆಯನ್ನು ಸ್ಟಾಫ್ ಮೀಟಿಂಗ್‌ನಲ್ಲಿ ಎತ್ತಿದರೆ ಮುಂದಿನ ವಿಷಯಕ್ಕೆ ಹೋಗೋಣ ಎನ್ನುತ್ತಾರೆ.